ಅಪ್ಪನ ಕ್ಯಾಸೆಟ್‌ಗಳಿಗೊಂದು ಸೂಚಿಪಟ್ಟಿ: ಲಿರಿಯಾನ್ ಮ್ಯೂಸಿಕ್ ಸರ್ವರ್ ಬಳಸಿದ ಹದಿನಾಲ್ಕು ತಿಂಗಳು

ಅಪ್ಪ ತೀರಿಕೊಂಡಾಗ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಕಪಾಟಿನಲ್ಲಿ 214 ಕ್ಯಾಸೆಟ್‌ಗಳು ಉಳಿದವು. ಅಂಗಡಿಯಲ್ಲಿ ಕೊಂಡವು ಅದರಲ್ಲಿ ಐವತ್ತೋ ಅರವತ್ತೋ ಇರಬಹುದು. ಮಿಕ್ಕವನ್ನೆಲ್ಲ ಅವರು ರೇಡಿಯೋದ ಮುಂದೆ ಕೂತು ತಾವೇ ಧ್ವನಿಮುದ್ರಿಸಿಕೊಂಡಿದ್ದರು. ಧಾರವಾಡ ಆಕಾಶವಾಣಿಯ ಬೆಳಗಿನ ಗಾಯನ, ರಾತ್ರಿಯ ಸಂಗೀತ ಕಛೇರಿ, ನಡುವೆ ಎಲ್ಲೋ ಮಿಂಚು ಹೊಡೆದಾಗಿನ ಕರಕರ. ರೇಡಿಯೋಕ್ಕೆ ತಂತಿ ಜೋಡಿಸುವುದು ಗೊತ್ತಿಲ್ಲದ ಮೊದಲ ದಿನಗಳಲ್ಲಿ ಅವರು ಟೇಪ್ ರೆಕಾರ್ಡರನ್ನು ಬರಿದೇ ಎದುರಿಗೆ ಇಡುತ್ತಿದ್ದರು. ಆ ಕ್ಯಾಸೆಟ್‌ಗಳಲ್ಲಿ ತಾನದ ನಡುವೆ ಅವ್ವ ಅಡುಗೆಮನೆಯಿಂದ ಚಹಾಕ್ಕೆ ಕರೆಯುವುದೂ ಕೇಳಿಸುತ್ತದೆ. ಪ್ರತಿಯೊಂದರ ಬೆನ್ನಿನ ಮೇಲೂ ಅಪ್ಪನ ದುಂಡಗಿನ ಅಕ್ಷರ: ‘ಮನಸೂರ. ಗೌಡ ಸಾರಂಗ. ಬೇಸಿಗೆ.’ ಗಾಯಕರು, ರಾಗ, ಋತು ಅಷ್ಟೇ. ವರ್ಷವಿಲ್ಲ, ತಾರೀಕಿಲ್ಲ.

ಕಾಲೇಜು ಗ್ರಂಥಾಲಯದಲ್ಲಿ ಮೂವತ್ತೆರಡು ವರ್ಷ ಪುಸ್ತಕಗಳಿಗೆ ಸಂಖ್ಯೆ ಹಾಕಿ ಜೋಡಿಸಿದವಳು ನಾನು. ಆ ಕಪಾಟಿನ ಮುಂದೆ ನಿಂತಾಗಲೆಲ್ಲ ಸಂಕಟವಾಗುತ್ತಿತ್ತು. ಇದೆ ಎಂದು ಗೊತ್ತು, ಎಲ್ಲಿದೆ ಎಂದು ಗೊತ್ತಿಲ್ಲ. ನಿವೃತ್ತಿಯಾದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಒಂದು ಹಳೆಯ ಟೇಪ್ ಡೆಕ್ ರಿಪೇರಿ ಮಾಡಿಸಿ, ಆಡಾಸಿಟಿ ತಂತ್ರಾಂಶದಲ್ಲಿ ಒಂದೊಂದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅದರಲ್ಲಿ ಅಡ್ಡದಾರಿಯಿಲ್ಲ. ಎಂಟು ತಿಂಗಳು ಹಿಡಿಯಿತು. ಜೊತೆಗೆ ಮನೆಯಲ್ಲಿದ್ದ 300ಕ್ಕೂ ಹೆಚ್ಚು ಸಿ.ಡಿ.ಗಳನ್ನೂ ಫ್ಲ್ಯಾಕ್ ರೂಪದಲ್ಲಿ ಇಳಿಸಿಕೊಂಡೆ. ಧ್ವನಿಯ ಒಂದು ಕಣವನ್ನೂ ಕಳೆಯದೆ ಕಡತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವ ವಿಧಾನ ಅದು. 2001ರಿಂದ ಎಲ್ಲರಿಗೂ ಮುಕ್ತವಾಗಿದೆ, ಯಾರಿಗೂ ಪರವಾನಗಿ ಶುಲ್ಕ ಕೊಡಬೇಕಿಲ್ಲ. ಈಗ ನನ್ನ ಬಳಿ ಸುಮಾರು 6,800 ಕಡತಗಳಿವೆ.

ಇವನ್ನು ಕೇಳುವುದು ಹೇಗೆ? ಚಂದಾ ಕಟ್ಟಿ ಕೇಳುವ ಸೇವೆಗಳಲ್ಲಿ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲವೇ ಇಲ್ಲ, ಮುಂದೆ ಬರುವುದೂ ಇಲ್ಲ. ಪೆನ್‌ಡ್ರೈವ್‌ಗೆ ಹಾಕಿ ಸ್ಪೀಕರಿಗೆ ಚುಚ್ಚಿದರೆ ಹೆಸರುಗಳ ಉದ್ದ ಸಾಲು ಬರುತ್ತದೆ, ಅಷ್ಟೇ. ನನಗೆ ಬೇಕಿದ್ದದ್ದು ಮೂರು. ಪಡಸಾಲೆಯ ಆ್ಯಂಪ್ಲಿಫೈಯರಿನಲ್ಲಿ ಚೆನ್ನಾಗಿ ಕೇಳಬೇಕು. 84 ವರ್ಷದ ಅವ್ವನ ಕೋಣೆಯಲ್ಲಿ ಬೆಳಗಿನ ಐದೂವರೆಗೆ ತಾನಾಗಿ ವಚನ ಹಾಡಬೇಕು. ರಾಗದ ಹೆಸರು ಹಿಡಿದು ಹುಡುಕಿದರೆ ಆ ರಾಗದಲ್ಲಿ ಮನೆಯಲ್ಲಿರುವುದೆಲ್ಲ ಒಂದೇ ಕಡೆ ಸಿಗಬೇಕು. ಮೂರನ್ನೂ ಮಾಡಿಕೊಟ್ಟದ್ದು ಲಿರಿಯಾನ್ ಮ್ಯೂಸಿಕ್ ಸರ್ವರ್, ಮನೆಯ ಹಾಡುಗಳನ್ನು ಪಟ್ಟಿ ಮಾಡಿ ಕೋಣೆಕೋಣೆಯ ಸ್ಪೀಕರಿಗೆ ಕಳಿಸುವ ಉಚಿತ ತಂತ್ರಾಂಶ. ಹದಿನಾಲ್ಕು ತಿಂಗಳು ದಿನವೂ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಹೊಸಬರಿಗೆ ಇದರ ಕಟ್ಟೋಣ ಮೊದಲು ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಇಲ್ಲಿ ಮೂರು ಪಾತ್ರಗಳಿವೆ. ಸರ್ವರ್ ಎಂದರೆ ಪುಸ್ತಕಗಳ ಉಗ್ರಾಣ ಮತ್ತು ಸೂಚಿಪಟ್ಟಿ. ಪ್ಲೇಯರ್ ಎಂದರೆ ಓದುವ ಕೋಣೆ. ಅದು ಸ್ಪೀಕರಿನ ಪಕ್ಕದಲ್ಲಿ ಕೂತಿರುತ್ತದೆ. ನಮ್ಮ ಮೊಬೈಲೋ ಕಂಪ್ಯೂಟರೋ ಬೇಡಿಕೆಯ ಚೀಟಿ ಇದ್ದಂತೆ: ಇಂಥದ್ದು ಬೇಕು, ಇಂಥ ಕೋಣೆಗೆ ಬೇಕು ಎಂದು ಹೇಳುವುದಷ್ಟೇ ಅದರ ಕೆಲಸ. ಹಾಗಾಗಿ ಹಾಡು ಆರಂಭಿಸಿ ಮೊಬೈಲ್ ಆರಿಸಿ ಸಂತೆಗೆ ಹೋದರೂ ಅವ್ವನ ಕೋಣೆಯಲ್ಲಿ ಸಂಗೀತ ನಿಲ್ಲುವುದಿಲ್ಲ. ಮೊಬೈಲಿನಿಂದ ಬ್ಲೂಟೂತ್ ಸ್ಪೀಕರಿಗೆ ಕಳಿಸುವುದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು.

ಇದರ ಚರಿತ್ರೆ ತಿಳಿದ ಮೇಲೆ ನನಗೆ ಇದರ ಮೇಲಿನ ನಂಬಿಕೆ ಇಮ್ಮಡಿಯಾಯಿತು. 2000ದ ದಶಕದ ಆರಂಭದಲ್ಲಿ ಅಮೆರಿಕದ ಸ್ಲಿಂ ಡಿವೈಸಸ್ ಎಂಬ ಪುಟ್ಟ ಕಂಪನಿ ತನ್ನ ಸಾಧನಗಳಿಗಾಗಿ ಈ ತಂತ್ರಾಂಶ ಬರೆಯಿತು, ಮೂಲ ಸಂಕೇತವನ್ನು ಮುಕ್ತವಾಗಿಯೇ ಇಟ್ಟಿತು. 2006ರಲ್ಲಿ ಆ ಕಂಪನಿಯನ್ನು ಲಾಜಿಟೆಕ್ ಕೊಂಡಿತು. ಸ್ಕ್ವೀಜ್‌ಬಾಕ್ಸ್ ಹೆಸರಿನ ಪ್ಲೇಯರ್‌ಗಳು ಬಂದವು, 2012ರಲ್ಲಿ ಅವು ನಿಂತೂ ಹೋದವು. ಅವುಗಳ ಆನ್‌ಲೈನ್ ಸೇವೆ 2024ರಲ್ಲಿ ಮುಚ್ಚಿತು. ಆದರೆ ತಂತ್ರಾಂಶ ಸಾಯಲಿಲ್ಲ. ಬಳಸುವವರೇ ಅದನ್ನು ಹೊತ್ತುಕೊಂಡು, ಲಿರಿಯಾನ್ ಎಂಬ ಹೊಸ ಹೆಸರಿಟ್ಟು ಇವತ್ತಿಗೂ ಬೆಳೆಸುತ್ತಿದ್ದಾರೆ. ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ನಮ್ಮ ಗ್ರಂಥಾಲಯದಲ್ಲಿ ಒಮ್ಮೆ ಒಂದು ಖಾಸಗಿ ತಂತ್ರಾಂಶ ಹಾಕಿಸಿದ್ದರು. ಅದನ್ನು ಮಾರಿದವರು ಬಾಗಿಲು ಹಾಕಿದಾಗ ಹನ್ನೊಂದು ಸಾವಿರ ಪುಸ್ತಕಗಳ ವಿವರವನ್ನು ಮತ್ತೆ ಕೈಯಿಂದ ತುಂಬಿಸಿದೆವು. ಆ ಬೇಸಿಗೆಯನ್ನು ನಾನು ಮರೆತಿಲ್ಲ. ಹುಟ್ಟಿಸಿದ ಕಂಪನಿ ಕೈಬಿಟ್ಟರೂ ಉಳಿದುಕೊಂಡ ತಂತ್ರಾಂಶಕ್ಕೆ ನನ್ನ ಅಪ್ಪನ ಸಂಗ್ರಹವನ್ನು ಒಪ್ಪಿಸಲು ನನಗೆ ಧೈರ್ಯ ಬಂದದ್ದು ಹಾಗೆ.

ಯಂತ್ರದ ವಿಚಾರ. ನಾನು ಕೊಂಡದ್ದು 2 ಜಿ.ಬಿ. ಮೆಮರಿಯ ರಾಸ್ಪ್‌ಬೆರಿ ಪೈ 4. ಅಂಗೈಯಗಲದ ಕಂಪ್ಯೂಟರ್. ಅದರ ತಲೆಯ ಮೇಲೆ ಪಿಸಿಎಂ5122 ಚಿಪ್ ಇರುವ ಡ್ಯಾಕ್ ಬೋರ್ಡು ಕೂರಿಸಿದೆ. ಅಂಕಿಗಳನ್ನು ಧ್ವನಿಯ ಅಲೆಯಾಗಿ ಬದಲಿಸುವ ಕೆಲಸ ಅದರದು. ಪೈ 4ರಲ್ಲೇ ಇಯರ್‌ಫೋನ್ ಕಿಂಡಿ ಇದೆಯಲ್ಲ ಎಂದು ಕೇಳಬಹುದು. ಅದು ಸುದ್ದಿ ಕೇಳಲು ಸಾಕು, ತಂಬೂರಿ ಕೇಳಲು ಸಾಲದು. ಡ್ಯಾಕ್‌ನಿಂದ ಎರಡು ತಂತಿ ಅಪ್ಪನ ಹಳೆಯ ಆ್ಯಂಪ್ಲಿಫೈಯರಿಗೆ ಹೋಗುತ್ತವೆ. ಹಾಡುಗಳಿರುವುದು 2 ಟಿ.ಬಿ. ಹಾರ್ಡ್ ಡಿಸ್ಕಿನಲ್ಲಿ.

ತಂತ್ರಾಂಶ ಹಾಕಲು ಪೈಕೋರ್‌ಪ್ಲೇಯರ್ ಎಂಬ ಸಿದ್ಧ ವ್ಯವಸ್ಥೆಯನ್ನು ಆರಿಸಿಕೊಂಡೆ. ಇದು ಟೈನಿ ಕೋರ್ ಲಿನಕ್ಸ್ ಮೇಲೆ ನಿಂತಿದೆ. ಶುರುವಾಗುವಾಗ ಇಡೀ ವ್ಯವಸ್ಥೆ ಮೆಮರಿಗೆ ಏರಿ ಅಲ್ಲಿಂದಲೇ ನಡೆಯುತ್ತದೆ, ಕಾರ್ಡಿಗೆ ಪದೇಪದೇ ಬರೆಯುವುದಿಲ್ಲ. ಧಾರವಾಡದ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಬರೆಯುತ್ತಿರುವಾಗ ಕರೆಂಟು ಹೋದರೆ ಸಾಮಾನ್ಯ ವ್ಯವಸ್ಥೆಗಳಲ್ಲಿ ಕಾರ್ಡು ಕೆಡುವ ಭಯವಿದೆ. ಇಲ್ಲಿ ಆ ಭಯ ಬಹಳ ಕಡಿಮೆ. ಹದಿನಾಲ್ಕು ತಿಂಗಳಲ್ಲಿ ನಮ್ಮ ಮನೆಯಲ್ಲಿ ಕರೆಂಟು ಹೋದದ್ದಕ್ಕೆ ಲೆಕ್ಕವಿಲ್ಲ, ಒಮ್ಮೆಯೂ ಮತ್ತೆ ಸ್ಥಾಪಿಸಬೇಕಾಗಿ ಬಂದಿಲ್ಲ. ನಮ್ಮ ಕಡೆಯವರಿಗೆ ಇದೊಂದೇ ಕಾರಣ ಸಾಕು.

ಸ್ಥಾಪನೆ ಅರ್ಧ ದಿನದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ನನಗೆ ನಾಲ್ಕು ದಿನ ಬೇಕಾಯಿತು, ಮೂರು ಕಾರಣಗಳಿಗೆ. ಒಂದು, ಊರಿನ ಅಂಗಡಿಯೊಂದರಲ್ಲಿ ಕೊಂಡ ಮೆಮರಿ ಕಾರ್ಡು ಖೋಟಾ ಆಗಿತ್ತು. ಮೇಲೆ 64 ಜಿ.ಬಿ. ಎಂದು ಬರೆದಿತ್ತು, ಒಳಗೆ ಅಷ್ಟಿರಲಿಲ್ಲ; ಬರೆದದ್ದು ನಿಲ್ಲುತ್ತಿರಲಿಲ್ಲ. ಎರಡು, ಮನೆಯಲ್ಲಿದ್ದ ಮೊಬೈಲ್ ಚಾರ್ಜರನ್ನೇ ಚುಚ್ಚಿದ್ದೆ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಕೆಂಪು ದೀಪ ಆರುತ್ತದೆ. ಹಾರ್ಡ್ ಡಿಸ್ಕ್ ತಿರುಗಲು ಶುರುವಾದಾಗಲೆಲ್ಲ ನನ್ನ ದೀಪ ಮಿಟುಕುತ್ತಿತ್ತು, ಡಿಸ್ಕ್ ಮಾಯವಾಗುತ್ತಿತ್ತು. ಪೈಗೆಂದೇ ಮಾಡಿದ ಅಡಾಪ್ಟರು ತಂದು, ಡಿಸ್ಕಿಗೆ ತನ್ನದೇ ವಿದ್ಯುತ್ ಇರುವ ಯು.ಎಸ್.ಬಿ. ಹಬ್ ಕೊಟ್ಟ ಮೇಲೆ ಆ ಕಾಟ ತಪ್ಪಿತು.

ಮೂರನೆಯದು ಎಲ್ಲರೂ ಎಡವುವ ಕಲ್ಲು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪೈಕೋರ್‌ಪ್ಲೇಯರನ್ನು ಕಾರ್ಡಿಗೆ ಬರೆದಾಗ ಅದು ತನಗೆ ಬೇಕಾದಷ್ಟೇ ಪುಟ್ಟ ಜಾಗವನ್ನು ಹಿಡಿಯುತ್ತದೆ. ಉಳಿದ ಕಾರ್ಡು ಖಾಲಿ ಬಿದ್ದಿರುತ್ತದೆ, ಆದರೆ ಅದಕ್ಕೆ ಕಾಣುವುದಿಲ್ಲ. ಆ ಸ್ಥಿತಿಯಲ್ಲಿ ಸರ್ವರ್ ಹಾಕಲು ಹೋದರೆ ಜಾಗ ಸಾಲದು ಎನ್ನುತ್ತದೆ. ಮೊದಲ ಪುಟದಲ್ಲೇ ಜಾಗ ಹಿಗ್ಗಿಸುವ ಗುಂಡಿ ಇದೆ. ಅದನ್ನು ಒತ್ತಿ, ಯಂತ್ರ ಮತ್ತೆ ಶುರುವಾದ ಮೇಲೆ ಸರ್ವರಿನ ಪುಟಕ್ಕೆ ಹೋಗಿ ಸ್ಥಾಪಿಸಬೇಕು. ಡಿಸ್ಕನ್ನು ಜೋಡಿಸುವುದೂ ಅದೇ ಪುಟದಲ್ಲಿ. ವಿಂಡೋಸ್‌ನಲ್ಲಿ ತಯಾರಾದ ಡಿಸ್ಕಾದರೆ ಅದನ್ನು ಓದಲು ಹೆಚ್ಚುವರಿ ಕಡತ ವ್ಯವಸ್ಥೆಯ ಸೇರ್ಪಡೆ ಹಾಕಿಕೊಳ್ಳಬೇಕಾಗುತ್ತದೆ, ಆ ಗುಂಡಿಯೂ ಅಲ್ಲೇ ಇದೆ. ಡ್ಯಾಕ್ ಯಾವುದೆಂದು ಸ್ಕ್ವೀಜ್‌ಲೈಟ್ ಪುಟದ ಪಟ್ಟಿಯಿಂದ ಆರಿಸಬೇಕು. ಪೈಯ ಮೇಲೆ ಹಾಡು ನುಡಿಸುವ ಪ್ಲೇಯರಿನ ಹೆಸರೇ ಸ್ಕ್ವೀಜ್‌ಲೈಟ್. ಇದೆಲ್ಲ ಆದ ಮೇಲೆ ಮನೆಯ ಯಾವುದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಪೈಯ ವಿಳಾಸ ಬರೆದು ಮುಂದೆ 9000 ಎಂಬ ಪೋರ್ಟ್ ಸಂಖ್ಯೆ ಹಾಕಿದರೆ ಸರ್ವರ್ ತೆರೆದುಕೊಳ್ಳುತ್ತದೆ. ಹಾಡುಗಳ ಫೋಲ್ಡರ್ ಯಾವುದೆಂದು ಕೇಳುತ್ತದೆ, ತೋರಿಸಿದರೆ ಎಲ್ಲವನ್ನೂ ಓದಿ ಪಟ್ಟಿ ಮಾಡುತ್ತದೆ. ನನ್ನ ಸಂಗ್ರಹಕ್ಕೆ ಕಾಲು ಗಂಟೆ ಹಿಡಿಯಿತು. ಮೆಟೀರಿಯಲ್ ಸ್ಕಿನ್ ಎಂಬ ಸೇರ್ಪಡೆಯನ್ನು ತಪ್ಪದೆ ಹಾಕಿಕೊಳ್ಳಿ. ಮೂಲ ಪರದೆ ಇಪ್ಪತ್ತು ವರ್ಷದ ಹಿಂದಿನದರಂತಿದೆ. ಇದು ಮೊಬೈಲಿನಲ್ಲೂ ನೀಟಾಗಿ ಕೂರುತ್ತದೆ.

ಇಷ್ಟಾದ ದಿನ ಸಂಜೆ ಕಲಾವಿದರ ಪಟ್ಟಿ ತೆರೆದೆ. ಅಲ್ಲಿ ಮಲ್ಲಿಕಾರ್ಜುನ ಮನಸೂರರು ಏಳು ಜನರಾಗಿ ಕೂತಿದ್ದರು. ಕನ್ನಡದಲ್ಲಿ ‘ಮನಸೂರ’, ‘ಮನ್ಸೂರ್’, ‘ಪಂ. ಮನಸೂರ’, ಇಂಗ್ಲಿಷ್ ಅಕ್ಷರದಲ್ಲಿ ಇನ್ನು ನಾಲ್ಕು ಬಗೆ. ಗಂಗೂಬಾಯಿ ಹಾನಗಲ್ಲರು ಐದು ಜನ. ಯೂನಿಕೋಡಿಗಿಂತ ಮೊದಲಿನ ಕನ್ನಡ ಫಾಂಟಿನಲ್ಲಿ ಯಾರೋ ಟೈಪು ಮಾಡಿಕೊಟ್ಟಿದ್ದ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿದ್ದವು. ಸರ್ವರಿನ ತಪ್ಪು ಇದರಲ್ಲಿ ಏನೂ ಇಲ್ಲ. ಕಡತದೊಳಗೆ ಹಾಡಿನ ವಿವರ ಬರೆದಿಡುವ ಟ್ಯಾಗಿನಲ್ಲಿ ಏನಿದೆಯೋ ಅದನ್ನೇ ಅದು ತೋರಿಸುತ್ತದೆ. ಸಂಗೀತ ಸರ್ವರ್ ಹಾಕಿ ಒಂದು ವಾರದಲ್ಲಿ ಬೇಸತ್ತು ಬಿಟ್ಟವರನ್ನು ಕೇಳಿ ನೋಡಿ, ಬಹುತೇಕರು ಬಿಟ್ಟಿರುವುದು ಇದೇ ಜಾಗದಲ್ಲಿ. ನನಗಂತೂ ಇಲ್ಲಿಂದಲೇ ಸಂತೋಷ ಶುರುವಾಯಿತು.

ಗ್ರಂಥಾಲಯದಲ್ಲಿ ನಾವು ಪ್ರಮಾಣಿತ ಹೆಸರುಗಳ ಪಟ್ಟಿ ಇಟ್ಟುಕೊಳ್ಳುತ್ತೇವೆ. ಒಬ್ಬ ಲೇಖಕನಿಗೆ ಒಂದೇ ಹೆಸರು, ಒಂದೇ ಕಾಗುಣಿತ, ಉಳಿದವೆಲ್ಲ ಅದರತ್ತ ಕೈತೋರಿಸಬೇಕು. ಒಂದು ನೋಟ್‌ಬುಕ್ ತೆಗೆದುಕೊಂಡು ಕಲಾವಿದರಿಗೂ ಹಾಗೆಯೇ ಮಾಡಿದೆ. ಹೆಸರುಗಳೆಲ್ಲ ಕನ್ನಡದಲ್ಲಿ, ಬಿರುದು ಇಲ್ಲದೆ. ಆದರೂ ‘ಪಂಡಿತ’, ‘ವಿದುಷಿ’ ಎಂಬ ಗೌರವವನ್ನು ಕಿತ್ತುಹಾಕಲು ಕೆಲವು ಕಡೆ ಮನಸ್ಸು ಬರಲಿಲ್ಲ. ಅದಕ್ಕೂ ಇಲ್ಲಿ ದಾರಿಯಿದೆ. ಇಂಗ್ಲಿಷಿನ ‘ದಿ’ಯಂಥ ಪದಗಳು ಹೆಸರಿನ ಮೊದಲಿದ್ದರೆ ವಿಂಗಡಿಸುವಾಗ ಅವನ್ನು ಕಡೆಗಣಿಸಲು ಸೆಟ್ಟಿಂಗಿನಲ್ಲಿ ಒಂದು ಪಟ್ಟಿ ಇದೆ. ಅದಕ್ಕೆ ನಮ್ಮ ಬಿರುದುಗಳನ್ನು ಸೇರಿಸಿದೆ. ಪರದೆಯಲ್ಲಿ ‘ಪಂಡಿತ ಬಸವರಾಜ ರಾಜಗುರು’ ಎಂದೇ ಕಾಣುತ್ತದೆ, ಹುಡುಕಬೇಕಾದದ್ದು ‘ಬ’ ಅಕ್ಷರದಡಿ. ಟ್ಯಾಗು ತಿದ್ದಲು ಎಂಪಿ3ಟ್ಯಾಗ್ ಬಳಸಿದೆ. ಹೆಸರು ಹಾಗಿದ್ದರೂ ಫ್ಲ್ಯಾಕ್ ಕಡತಗಳನ್ನೂ ಅದು ತಿದ್ದುತ್ತದೆ, ನೂರಾರು ಕಡತಗಳನ್ನು ಒಟ್ಟಿಗೆ ತಿದ್ದಬಹುದು. ಒಂದು ಎಚ್ಚರಿಕೆ ವಹಿಸಿದ್ದೇನೆ: ಕಡತಗಳ ಮತ್ತು ಫೋಲ್ಡರುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟು, ಕನ್ನಡವನ್ನೆಲ್ಲ ಟ್ಯಾಗಿನೊಳಗೆ ಇಟ್ಟಿದ್ದೇನೆ. ಡಿಸ್ಕನ್ನು ಯಾವ ಯಂತ್ರಕ್ಕೆ ಚುಚ್ಚಿದರೂ ತೊಂದರೆಯಾಗಬಾರದು.

ರಾಗಕ್ಕೆ ಎಲ್ಲಿ ಜಾಗ? ಈ ತಂತ್ರಾಂಶ ಹುಟ್ಟಿದ ನಾಡಿನ ಸಂಗೀತದಲ್ಲಿ ಹಾಡಿಗೆ ಕಲಾವಿದ, ಆಲ್ಬಂ, ಪ್ರಕಾರ ಇರುತ್ತವೆ. ಪ್ರಕಾರ ಎಂದರೆ ಜಾಜ್, ರಾಕ್ ಇತ್ಯಾದಿ. ನನಗೆ ಆ ಖಾನೆಯಿಂದ ಬೇರೆ ಉಪಯೋಗವಿರಲಿಲ್ಲ. ರಾಗವನ್ನು ಅಲ್ಲೇ ಕೂರಿಸಿದೆ. ಒಂದೇ ಖಾನೆಯಲ್ಲಿ ಹಲವು ಹೆಸರು ಬೇಕಾದರೆ ನಡುವೆ ಅರ್ಧವಿರಾಮ ಹಾಕಿ, ಆ ಚಿಹ್ನೆಯೇ ವಿಭಾಜಕ ಎಂದು ಸೆಟ್ಟಿಂಗಿನಲ್ಲಿ ತಿಳಿಸಿ, ಪೂರ್ತಿ ಮರುಓದಿಸಬೇಕು. ಈಗ ಬಸಂತಿ ಕೇದಾರದ ಟ್ಯಾಗಿನಲ್ಲಿ ‘ಬಸಂತಿ ಕೇದಾರ; ಜೋಡು ರಾಗ’ ಎಂದಿದೆ. ಆ ರಾಗದ ಹೆಸರಿನಲ್ಲೂ ಸಿಗುತ್ತದೆ, ಎರಡು ರಾಗ ಬೆಸೆದ ಜೋಡು ರಾಗಗಳ ಗುಂಪಿನಲ್ಲೂ ಸಿಗುತ್ತದೆ. ಇಂಥ ರಾಗಗಳನ್ನು ಇಷ್ಟಪಟ್ಟು ಹಾಡುವ ಜೈಪುರ-ಅತ್ರೌಲಿ ಗಾಯನ ಘರಾಣೆಯವರನ್ನು ಹೆಚ್ಚು ಕೇಳುವ ಮನೆಯಲ್ಲಿ ಆ ಗುಂಪಿಗೆ ಕೆಲಸ ಬಹಳ.

ಆಮೇಲೆ ತೋಡಿಯ ತಕರಾರು ಬಂತು. ಅವ್ವನ ತವರಿನ ಕಡೆಯಿಂದ ಬಂದ ಕರ್ನಾಟಕ ಸಂಗೀತದ ಸಿ.ಡಿ.ಗಳೂ ಮನೆಯಲ್ಲಿವೆ. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಹತ್ತಿರ; ಹಿಂದೂಸ್ತಾನಿಯ ತೋಡಿಯೇ ಬೇರೆ. ಕರ್ನಾಟಕದ ಹಿಂದೋಳ ಅಲ್ಲಿಯ ಮಾಲಕಂಸ, ಅಲ್ಲಿಯ ಹಿಂಡೋಲ ಇನ್ನೊಂದು. ಎರಡು ತೋಡಿಗಳನ್ನು ಒಂದೇ ಕಪಾಟಿನಲ್ಲಿ ಇಟ್ಟರೆ ಕೇಳುವವರಿಗೆ ಅನ್ಯಾಯ. ಹೆಸರಿನ ಮೊದಲಿಗೆ ಗುರುತು ಹಾಕಿದರೆ ಅಕಾರಾದಿ ಕೆಡುತ್ತದೆ, ಆದ್ದರಿಂದ ಕೊನೆಗೆ ಹಾಕಿದೆ: ‘ತೋಡಿ-ಕ’, ‘ತೋಡಿ-ಹಿಂ’. ಎರಡೂ ಅಕ್ಕಪಕ್ಕ ಬರುತ್ತವೆ, ಬೆರೆಯುವುದಿಲ್ಲ. ಓದುಗರ ಸಮಯ ಉಳಿಸಬೇಕು ಎಂಬುದು ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗೆ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಕೇಳುಗರಿಗೂ ಅದೇ ಸಲ್ಲಬೇಕು.

ವಾಗ್ಗೇಯಕಾರರ, ಎಂದರೆ ಹಾಡು ಕಟ್ಟಿದವರ, ಖಾನೆಯಲ್ಲಿ ವಚನಕಾರರನ್ನೂ ದಾಸರನ್ನೂ ಬರೆದೆ. ಇದರ ಫಲ ನಾನು ಊಹಿಸಿದ್ದಕ್ಕಿಂತ ದೊಡ್ಡದು. ಹೆಚ್ಚುವರಿ ಮೆನುಗಳ ಸೇರ್ಪಡೆಯನ್ನು ಚಾಲೂ ಮಾಡಿ ಆ ಪಟ್ಟಿ ತೆರೆದರೆ ಅಕ್ಕಮಹಾದೇವಿ, ಅಲ್ಲಮಪ್ರಭು, ಕನಕದಾಸ, ಪುರಂದರದಾಸ, ಬಸವಣ್ಣ ಎಂದು ಸಾಲಾಗಿ ಬರುತ್ತದೆ. ಅಕ್ಕನ ಹೆಸರು ಒತ್ತಿದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಗಾಯಕರು ಹಾಡಿದ ಅವಳ ವಚನಗಳೆಲ್ಲ ಒಂದೇ ಕಡೆ ನಿಂತಿದ್ದವು. ಒಂದೇ ವಚನಕ್ಕೆ ಮೂವರು ಮೂರು ರಾಗ ಹಿಡಿದದ್ದು ಗೊತ್ತಾಯಿತು. ನಲವತ್ತು ವರ್ಷ ಅದೇ ಕಪಾಟಿನಲ್ಲಿದ್ದರೂ ಅವು ಒಂದರ ಪಕ್ಕ ಒಂದು ಕೂತಿರಲಿಲ್ಲ. ಆ ಸಂಜೆ ಅವ್ವ ಮತ್ತು ನಾನು ಊಟ ಮರೆತು ಕೇಳಿದೆವು.

ಷರಾದ ಖಾನೆಯಲ್ಲಿ ಅಪ್ಪ ಬರೆದದ್ದನ್ನು ಅಕ್ಷರವೂ ಬದಲಿಸದೆ ನಕಲಿಸಿದ್ದೇನೆ. ಅವ್ವ ಚಹಾಕ್ಕೆ ಕರೆದ ಕ್ಯಾಸೆಟ್ಟಿನಲ್ಲಿ ‘14ನೇ ನಿಮಿಷ, ಅವ್ವನ ದನಿ’ ಎಂದು ಸೇರಿಸಿದ್ದೇನೆ. ಇವೆಲ್ಲ ಸರ್ವರಿನಲ್ಲಿ ಇರದೆ ಕಡತಗಳೊಳಗೇ ಇವೆ ಎಂಬುದನ್ನು ಗಮನಿಸಬೇಕು. ಸರ್ವರಿನ ಪಟ್ಟಿ ಅಳಿದರೂ ಮತ್ತೊಮ್ಮೆ ಓದಿಸಿದರೆ ಎಲ್ಲ ಮೊದಲಿನಂತೆ ಬರುತ್ತದೆ. ನಾಳೆ ಬೇರೆ ತಂತ್ರಾಂಶಕ್ಕೆ ಹೋದರೂ ನನ್ನ ಆರು ತಿಂಗಳ ಕೆಲಸ ನನ್ನ ಜೊತೆಗೇ ಬರುತ್ತದೆ.

ಧ್ವನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡತದಲ್ಲಿರುವುದನ್ನು ಇದು ಕೂಡಿಸದೆ ಕಳೆಯದೆ ಡ್ಯಾಕ್‌ಗೆ ಒಪ್ಪಿಸುತ್ತದೆ. ಕ್ಯಾಸೆಟ್ಟಿನ ಸಿಳ್ಳು ಸಿಳ್ಳಾಗಿಯೇ ಉಳಿಯುತ್ತದೆ. ಎರಡು ಸಂಗತಿ ಮಾತ್ರ. ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬಿರುಕು ಬರುವುದಿಲ್ಲ. ಆಲಾಪವನ್ನು ಎರಡು ತುಂಡು ಮಾಡಿದ ಸಿ.ಡಿ.ಗಳಲ್ಲಿ ತಂಬೂರಿಯ ಶ್ರುತಿ ಕಡಿಯದೆ ಹರಿಯುತ್ತದೆ. ಇನ್ನೊಂದು, ರೀಪ್ಲೇಗೇನ್. ಕ್ಯಾಸೆಟ್ಟುಗಳ ದನಿ ಸಣ್ಣದು, ಸಿ.ಡಿ.ಗಳದ್ದು ದೊಡ್ಡದು, ಒಂದಾದ ಮೇಲೊಂದು ಹಾಕಿದರೆ ಅವ್ವ ಬೆಚ್ಚುತ್ತಿದ್ದರು. ಫೂಬಾರ್2000 ಎಂಬ ತಂತ್ರಾಂಶದಲ್ಲಿ ದನಿಯ ಮಟ್ಟ ಅಳತೆ ಮಾಡಿ ಟ್ಯಾಗಿನಲ್ಲಿ ಬರೆದಿಟ್ಟರೆ ಸರ್ವರ್ ನುಡಿಸುವಾಗ ಸಮ ಮಾಡುತ್ತದೆ, ಮೂಲ ಧ್ವನಿಯನ್ನು ಮುಟ್ಟುವುದಿಲ್ಲ. ಆಲ್ಬಂ ಪ್ರಮಾಣದ ಆಯ್ಕೆಯನ್ನೇ ಇಡಿ. ಟ್ರ್ಯಾಕ್ ಪ್ರಮಾಣ ಇಟ್ಟರೆ ನಿಧಾನಗತಿಯ ವಿಲಂಬಿತದ ಮೆಲುದನಿಯನ್ನು ಎತ್ತಿ ವೇಗದ ದ್ರುತವನ್ನು ತಗ್ಗಿಸುತ್ತದೆ, ಗಾಯಕರು ಕಟ್ಟಿದ ಏರಿಳಿತ ಹಾಳಾಗುತ್ತದೆ.

ಅವ್ವನ ಕೋಣೆಗೆ ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ ಮತ್ತು ಒಂದು ಜೊತೆ ಸಣ್ಣ ಸ್ಪೀಕರು. ಅಡುಗೆಮನೆಯಲ್ಲಿ ಹಳೆಯ ಮೊಬೈಲಿಗೇ ಪ್ಲೇಯರ್ ಆ್ಯಪ್ ಹಾಕಿ ಗೂಡಿನಲ್ಲಿ ಇಟ್ಟಿದ್ದೇನೆ. ಮೂರನ್ನೂ ಜೋಡಿಸಿದರೆ ಒಂದೇ ಹಾಡು ಮೂರು ಕಡೆ ಒಂದೇ ಹೊತ್ತಿಗೆ ಬರುತ್ತದೆ. ಪಡಸಾಲೆಯಿಂದ ಅಡುಗೆಮನೆಗೆ ನಡೆದರೆ ತಿಹಾಯಿ ಎರಡು ಬಾರಿ ಕೇಳಿಸುವುದಿಲ್ಲ. ಬ್ಲೂಟೂತ್ ಸ್ಪೀಕರನ್ನು ಈ ಗುಂಪಿಗೆ ಸೇರಿಸಲು ಹೋಗಬೇಡಿ, ಅದು ಹಿಂದೆ ಬೀಳುತ್ತದೆ.

ಬೆಳಗಿನ ಅಲಾರಂ ನಮ್ಮ ಮನೆಯ ಜೀವನಾಡಿಯಾಗಿದೆ. ವಾರದ ದಿನಗಳನ್ನು ಆರಿಸಿ, ಏನು ನುಡಿಸಬೇಕೆಂದು ಹೇಳಿ, ದನಿ ಮೆಲ್ಲಗೆ ಏರಬೇಕೆಂದು ಗುರುತು ಹಾಕಬಹುದು. ಇಷ್ಟು ಹೊತ್ತಿನ ನಂತರ ತಾನೇ ನಿಲ್ಲುವಂತೆಯೂ ಮಾಡಬಹುದು. ಅವ್ವ ಐದೂವರೆಗೆ ವಚನ ಕೇಳುತ್ತಾ ಏಳುತ್ತಾರೆ. ಕಳೆದ ಜುಲೈನ ಒಂದು ರಾತ್ರಿ ಎರಡರಿಂದ ನಾಲ್ಕರವರೆಗೆ ಕರೆಂಟು ಇರಲಿಲ್ಲ. ನಾಲ್ಕಕ್ಕೆ ಬಂತು, ಯಂತ್ರಗಳೂ ಎದ್ದವು, ಆದರೆ ಇಂಟರ್ನೆಟ್ ಬಂದದ್ದು ಒಂಬತ್ತಕ್ಕೆ. ಪೈ 4ರಂಥ ಪುಟ್ಟ ಕಂಪ್ಯೂಟರುಗಳಲ್ಲಿ ಸಮಯ ಹಿಡಿದಿಡುವ ಗಡಿಯಾರ ಇರುವುದಿಲ್ಲ. ಎದ್ದಾಗಲೆಲ್ಲ ಇಂಟರ್ನೆಟ್ಟಿನಿಂದ ಹೊತ್ತು ಕೇಳಿಕೊಳ್ಳಬೇಕು. ಅಂದು ಕೇಳಲು ಯಾರೂ ಇರಲಿಲ್ಲ, ಅಲಾರಂ ಬರಲಿಲ್ಲ. ಆರಕ್ಕೆ ನಾನು ಎದ್ದು ಹೋದಾಗ ಅವ್ವ ಕತ್ತಲಲ್ಲಿ ಕೂತು ತಾವೇ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ‘ಇವತ್ತು ಅವರಿಗೆ ಎಚ್ಚರವಾಗಲಿಲ್ಲವೇನು?’ ಎಂದು ಕೇಳಿದರು. ಅದೇ ದಿನ ಪೈಗಳನ್ನೂ ರೂಟರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಯಂತ್ರ ಆರದಿದ್ದರೆ ಹೊತ್ತೂ ತಪ್ಪುವುದಿಲ್ಲ. ಈಗ ಹೊಸದಾಗಿ ಕೊಳ್ಳುವವರು ಪೈ 5 ನೋಡಬಹುದು; ಅದರಲ್ಲಿ ಗಡಿಯಾರದ ವ್ಯವಸ್ಥೆ ಇದೆ, ಬ್ಯಾಟರಿ ಮಾತ್ರ ಬೇರೆಯಾಗಿ ಹಾಕಿಕೊಳ್ಳಬೇಕು.

ರಾಗ ಪ್ರಕಾರದ ಖಾನೆಯಲ್ಲಿ ಇರುವುದರಿಂದ ಇನ್ನೊಂದು ಅನುಕೂಲ. ಇದರಲ್ಲಿ ಪ್ರಕಾರಗಳನ್ನು ಆರಿಸಿ ಅವುಗಳೊಳಗಿಂದಲೇ ಅನಿರೀಕ್ಷಿತವಾಗಿ ನುಡಿಸುವ ಆಯ್ಕೆ ಇದೆ. ನಡುಮಧ್ಯಾಹ್ನಕ್ಕೆ ಶುದ್ಧ ಸಾರಂಗ, ಗೌಡ ಸಾರಂಗ. ಇಳಿಹೊತ್ತಿಗೆ ಭೀಮಪಲಾಸಿ, ಮುಲ್ತಾನಿ. ರಾತ್ರಿಗೆ ಬಾಗೇಶ್ರೀ, ದರ್ಬಾರಿ, ಮಾಲಕಂಸ. ಯಾವ ಧ್ವನಿಮುದ್ರಣ ಬರುತ್ತದೆಂದು ಗೊತ್ತಿರುವುದಿಲ್ಲ, ಹೊತ್ತು ಮಾತ್ರ ತಪ್ಪುವುದಿಲ್ಲ. ಅಪ್ಪ ಕಾಯುತ್ತಾ ಕೂರುತ್ತಿದ್ದ ರೇಡಿಯೋ ಇದ್ದದ್ದೂ ಹಾಗೆಯೇ.

ಕೊರತೆಗಳಿವೆ. ಪರದೆಯ ಆಯ್ಕೆಗಳು ಕನ್ನಡದಲ್ಲಿ ಇಲ್ಲ, ಅವ್ವನಂಥವರು ತಾವೇ ಬಳಸಲಾರರು. ಯೂರೋಪಿನ ಹಲವು ಭಾಷೆಗಳಿಗೆ ಅನುವಾದ ಮಾಡಿದ್ದು ಅಲ್ಲಿಯ ಬಳಕೆದಾರರು; ನಮ್ಮವರೂ ಮಾಡಬೇಕು, ನಾನು ಕೈಜೋಡಿಸಲು ಸಿದ್ಧಳಿದ್ದೇನೆ. ಸೆಟ್ಟಿಂಗುಗಳು ವಿಪರೀತ, ಪ್ರತಿ ಪ್ಲೇಯರಿಗೂ ಬೇರೆ, ಸರ್ವರಿಗೆ ಬೇರೆ. ಯಾವುದು ಎಲ್ಲಿದೆಯೆಂದು ನೆನಪಿಡಲು ಆ ನೋಟ್‌ಬುಕ್ಕಿನ ಹಿಂಬದಿಯನ್ನೇ ಬಳಸುತ್ತಿದ್ದೇನೆ. ಮನೆಯಿಂದ ಹೊರಗೆ ಬಸ್ಸಿನಲ್ಲಿ ಕೂತು ಕೇಳಲು ಇದು ಹೇಳಿ ಮಾಡಿಸಿದ್ದಲ್ಲ. ಆ ಕೆಲಸಕ್ಕೆ ನ್ಯಾವಿಡ್ರೋಮ್ ಎಂಬ ಇನ್ನೊಂದು ಸಂಗೀತ ಸರ್ವರ್ ಉತ್ತಮ. ನಾನು ಎರಡು ವಾರ ಬಳಸಿ ನೋಡಿದೆ. ಬಹಳ ಹಗುರ, ಚುರುಕು, ಮೊಬೈಲ್ ಆ್ಯಪ್‌ಗಳು ಬೇಕಾದಷ್ಟು. ಆದರೆ ಅದರ ಗಮನ ಕೈಯಲ್ಲಿರುವ ಮೊಬೈಲಿನ ಮೇಲೆ. ಮೂರು ಕೋಣೆಗಳ ಸ್ಪೀಕರುಗಳನ್ನು ಒಟ್ಟಿಗೆ ನಡೆಸುವುದು ಅದರ ಉದ್ದೇಶವಲ್ಲ. ಒಂದೇ ಕೋಣೆ, ಒಂದೇ ಆ್ಯಂಪ್ಲಿಫೈಯರ್ ಸಾಕು ಎನ್ನುವವರಿಗೆ ಮೂಡ್ ಎಂಬ ಉಚಿತ ವ್ಯವಸ್ಥೆಯೂ ಇದೆ.

ಖರ್ಚು: ಪಡಸಾಲೆಯ ಪೈ, ಅಡಾಪ್ಟರು, ಡ್ಯಾಕ್, ಪೆಟ್ಟಿಗೆ, ಕಾರ್ಡು, ಹಬ್ ಸೇರಿ 11,800 ರೂಪಾಯಿ. ಡಿಸ್ಕಿಗೆ 6,200, ಅವ್ವನ ಕೋಣೆಗೆ 5,400. ತಂತ್ರಾಂಶಕ್ಕೆ ಏನೂ ಇಲ್ಲ. ಇನ್ನೊಂದು ಡಿಸ್ಕು ಕೊಂಡು ಪೂರ್ತಿ ಪ್ರತಿ ಮಾಡಿ ಹುಬ್ಬಳ್ಳಿಯ ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ. ಆ ಖರ್ಚನ್ನು ಯಾರೂ ಉಳಿಸಲು ಹೋಗಬಾರದು.

ಅಪ್ಪ ರಾಗದ ಹೆಸರು ಬರೆಯದೆ ಬಿಟ್ಟ ಧ್ವನಿಮುದ್ರಣಗಳು 41 ಇದ್ದವು. ಅವಕ್ಕೆ ಪ್ರಕಾರದ ಖಾನೆಯಲ್ಲಿ ‘ರಾಗ ಗೊತ್ತಿಲ್ಲ’ ಎಂದು ಬರೆದೆ. ನಮ್ಮ ಓಣಿಯ ತಬಲಾ ಮಾಸ್ತರರು ಭಾನುವಾರ ಬಂದು ಒಂದೊಂದನ್ನೇ ಕೇಳಿ ಹೇಳುತ್ತಾರೆ. ಹೇಳಿದ್ದನ್ನು ಅಲ್ಲೇ ತಿದ್ದಿ, ಬದಲಾದದ್ದನ್ನು ಮಾತ್ರ ಓದು ಎಂದು ಸರ್ವರಿಗೆ ಹೇಳಿದರೆ ಅವರು ಚಹಾ ಮುಗಿಸುವಷ್ಟರಲ್ಲಿ ಆ ಹಾಡು ಸರಿಯಾದ ರಾಗದಡಿ ಹೋಗಿ ಕೂತಿರುತ್ತದೆ. ಕಳೆದ ವಾರ ಹಾಕಿದ್ದು ಹನ್ನೊಂದು ನಿಮಿಷದ ಒಂದು ತುಣುಕು, ಗಾಯಕಿ ಯಾರೆಂದೂ ಗೊತ್ತಿಲ್ಲ. ಮೂರು ಸಲ ಕೇಳಿದರು. ‘ಬಿಲಾವಲದ ನಡೆ ಇದೆ ತಂಗಿ, ಆದರೆ ಯಾವ ಬಿಲಾವಲ ಎಂದು ಹೇಳುವ ಧೈರ್ಯ ನನಗಿಲ್ಲ. ಅಷ್ಟನ್ನೇ ಬರೆದುಕೋ’ ಎಂದರು. ‘ಬಿಲಾವಲ ಬಳಗ, ಇನ್ನೂ ನೋಡಬೇಕು’ ಎಂದು ಬರೆದುಕೊಂಡೆ. ಪಟ್ಟಿಯಲ್ಲಿ ಇನ್ನು ಹದಿನಾರು ಉಳಿದಿವೆ.